ಕೋಳಿ ಸಾಕಣೆ ಬೇಸಾಯವೇ? ಕಾನೂನಿನ ಲಕ್ಷಣ, ಧರ್ಮದ ವಿಚಾರ

ಕೋಳಿ ಸಾಕುವ ಕೆಲಸವನ್ನು ಭಾರತದ ಕಾರ್ಮಿಕ ಕಾನೂನು ಬೇಸಾಯದ ಲೆಕ್ಕಕ್ಕೆ ಸೇರಿಸಿದ್ದು 1948ರಲ್ಲಿ. ಆ ವರ್ಷ ಮಾರ್ಚ್ 15ರಂದು ಬಂದ ಕನಿಷ್ಠ ವೇತನ ಕಾಯ್ದೆಯ ಕೊನೆಯಲ್ಲಿ ಎರಡು ಭಾಗಗಳ ಒಂದು ಅನುಸೂಚಿ ಇತ್ತು. ಮೊದಲ ಭಾಗದಲ್ಲಿ ಅಕ್ಕಿ ಗಿರಣಿ, ಎಣ್ಣೆ ಗಿರಣಿ, ಬೀಡಿ-ತಂಬಾಕು, ತೋಟದ ಕೆಲಸ, ಕಲ್ಲು ಒಡೆಯುವುದು, ಚರ್ಮ ಹದ ಮಾಡುವುದು ಮುಂತಾದ ಉದ್ಯೋಗಗಳಿದ್ದವು. ಎರಡನೆಯ ಭಾಗದಲ್ಲಿ ಇದ್ದದ್ದು ಬೇಸಾಯ ಒಂದೇ. ಆದರೆ ಆ ಒಂದರ ವಿವರಣೆ ಬಹಳ ಉದ್ದ. ನೆಲ ಉಳುವುದು, ಹೈನುಗಾರಿಕೆ, ಬೆಳೆ ತೆಗೆಯುವುದು, ಕೊಯ್ಲು, ತೋಟಗಾರಿಕೆ, ದನಕರು ಸಾಕುವುದು, ಜೇನು ಮತ್ತು ಕೋಳಿ ಸಾಕುವುದು ಎಲ್ಲವೂ ಅದರೊಳಗೆ ಬರುತ್ತಿದ್ದವು. ಇವಕ್ಕೆ ಪೂರಕವಾಗಿ ರೈತನು ಮಾಡುವ ಅಥವಾ ಜಮೀನಿನ ಮೇಲೆ ನಡೆಯುವ ಕೆಲಸಗಳೂ ಬರುತ್ತಿದ್ದವು. ಹುಟ್ಟುವಳಿಯನ್ನು ಮಾರಾಟಕ್ಕೆ ಅಣಿಗೊಳಿಸಿ ಉಗ್ರಾಣಕ್ಕೋ ಸಂತೆಗೋ ಗಾಡಿಗೋ ಮುಟ್ಟಿಸುವುದೂ ಬೇಸಾಯವೇ ಎನ್ನುತ್ತಿತ್ತು ಕಾಯ್ದೆ. ಹೀಗೆ ಗದ್ದೆಯಲ್ಲಿ ನಾಟಿ ಮಾಡುವ ಹೆಣ್ಣುಮಗಳೂ ಕೋಳಿ ಫಾರಮ್ಮಿನಲ್ಲಿ ಮರಿಗೆ ನೀರಿಡುವ ಆಳೂ ಕಾನೂನಿನ ಕಣ್ಣಿಗೆ ಒಂದೇ ಸಾಲಿನವರಾದರು.

ಈ ಸೇರ್ಪಡೆಯ ಹಿಂದೆ ಕಾನೂನಿಗಿಂತ ಎಷ್ಟೋ ಹಳೆಯ ಪ್ರಶ್ನೆಗಳಿವೆ. ಪೈರು ಬೆಳೆಸುವುದೂ ಪ್ರಾಣಿ ಬೆಳೆಸುವುದೂ ಒಂದೇ ಬಗೆಯ ದುಡಿಮೆಯೇ? ಕೊಲ್ಲುವುದಕ್ಕೆಂದೇ ಸಾಕುವ ಕೆಲಸಕ್ಕೆ ಅನ್ನ ಬೆಳೆಯುವ ಕೆಲಸದ ಗೌರವ ಸಲ್ಲುತ್ತದೆಯೇ? ಆ ಕೆಲಸದಲ್ಲಿ ಪಾಪವಿದ್ದರೆ ಅದು ಕೂಲಿಯವನದೋ, ಒಡೆಯನದೋ, ತಿನ್ನುವವನದೋ? ಕಾಯ್ದೆಯ ಒಂದು ವಾಕ್ಯವನ್ನು ಬಿಡಿಸುತ್ತ ಹೋದರೆ ಇವೆಲ್ಲ ಒಂದೊಂದಾಗಿ ಎದುರಾಗುತ್ತವೆ.

1948ರ ವಿವರಣೆಯ ಮಾತುಗಳು ಹೊಸವೇನಲ್ಲ. ಅಮೆರಿಕದಲ್ಲಿ 1938ರಲ್ಲಿ ಬಂದ ನ್ಯಾಯಯುತ ದುಡಿಮೆ ಮಾನದಂಡಗಳ ಕಾಯ್ದೆಯಲ್ಲಿ ಬೇಸಾಯಕ್ಕೆ ಕೊಟ್ಟ ಅರ್ಥವನ್ನು ಅವು ಹೆಚ್ಚುಕಡಿಮೆ ಹಾಗೆಯೇ ಹೋಲುತ್ತವೆ. ಅಲ್ಲಿಯ ಪಟ್ಟಿಯಲ್ಲಿ ತುಪ್ಪಳಕ್ಕಾಗಿ ಸಾಕುವ ಪ್ರಾಣಿಗಳೂ ಇವೆ, ಇಲ್ಲಿ ಅವು ಬಿಟ್ಟುಹೋಗಿವೆ. ದನ, ಜೇನು, ಕೋಳಿ ಉಳಿದುಕೊಂಡಿವೆ. ಆದರೆ ಎರಡು ದೇಶಗಳಲ್ಲಿ ಇದೇ ಮಾತುಗಳು ಮಾಡಿದ ಕೆಲಸ ಪೂರಾ ತದ್ವಿರುದ್ಧ. ಅಮೆರಿಕದ ಕಾಯ್ದೆ ಬೇಸಾಯವನ್ನು ವಿವರಿಸಿದ್ದು ಬೇಸಾಯದ ಆಳುಗಳನ್ನು ಕನಿಷ್ಠ ಕೂಲಿಯಿಂದ ಹೊರಗಿಡುವುದಕ್ಕೆ. 1966ರ ತಿದ್ದುಪಡಿಯ ತನಕ ದೊಡ್ಡ ಜಮೀನುಗಳ ಕೂಲಿಗಳಿಗೂ ಆ ರಕ್ಷಣೆ ಇರಲಿಲ್ಲ, ಹೆಚ್ಚುವರಿ ಹೊತ್ತಿನ ದುಡಿಮೆಗೆ ಹೆಚ್ಚುವರಿ ಕೂಲಿ ಕೊಡಬೇಕೆಂಬ ನಿಯಮ ಅವರಿಗೆ ಇಂದಿಗೂ ಅನ್ವಯಿಸುವುದಿಲ್ಲ. ಭಾರತದ ಕಾಯ್ದೆ ಅದೇ ವಿವರಣೆಯನ್ನು ಆಳುಗಳನ್ನು ಒಳಗೆ ತರುವುದಕ್ಕೆ ಬಳಸಿತು. ಅಲ್ಲಿ ಕೋಳಿ ಸಾಕುವವನನ್ನು ಬೇಸಾಯಗಾರ ಎಂದರೆ ಅವನು ಕೂಲಿಯ ಹಕ್ಕು ಕಳೆದುಕೊಳ್ಳುತ್ತಿದ್ದ, ಇಲ್ಲಿ ಹಾಗೆಂದರೆ ಪಡೆಯುತ್ತಿದ್ದ. ಸ್ವಾತಂತ್ರ್ಯ ಬಂದ ಏಳು ತಿಂಗಳೊಳಗೆ, ಸಂವಿಧಾನವಿನ್ನೂ ಕರಡಿನಲ್ಲಿದ್ದಾಗ, ಎರವಲು ಮಾತುಗಳನ್ನು ಹೀಗೆ ತಿರುಗಿಸಿ ನಿಲ್ಲಿಸಿದ್ದು ಆ ಕಾಲದ ಶಾಸನಕರ್ತರ ದೊಡ್ಡತನ. ಅದಕ್ಕೆ ಸಲ್ಲಬೇಕಾದ ಮನ್ನಣೆ ಸಂದಿಲ್ಲ.

ಉಳಿದ ಕಾನೂನುಗಳು ಈ ವಿಷಯದಲ್ಲಿ ಒಂದೇ ದನಿಯಲ್ಲಿ ಮಾತಾಡುವುದಿಲ್ಲ. 1957ರಲ್ಲಿ ರಾಜಾ ಬಿನೋಯ್ ಕುಮಾರ್ ಸಹಸ್ ರಾಯ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ವರಮಾನ ತೆರಿಗೆಗೆ ಸಂಬಂಧಿಸಿದಂತೆ ಬೇಸಾಯದ ಎಲ್ಲೆಯನ್ನು ಗುರುತಿಸಿತು. ಉಳುವುದು, ಬಿತ್ತುವುದು, ನೆಡುವುದು, ಹೀಗೆ ನೆಲದ ಮೇಲೆಯೇ ನಡೆಯುವ ಮೂಲ ಕೆಲಸಗಳಿದ್ದರೆ ಮಾತ್ರ ಅದು ಬೇಸಾಯ. ನೆಲದೊಡನೆ ಏನೋ ಒಂದು ನಂಟಿದೆ ಎಂದಮಾತ್ರಕ್ಕೆ ಹೈನುಗಾರಿಕೆಯಾಗಲಿ ಕೋಳಿ ಸಾಕಣೆಯಾಗಲಿ ಬೇಸಾಯವಾಗದು ಎಂಬುದು ತೀರ್ಪಿನ ಸಾರ. ಆದ್ದರಿಂದ ಕೋಳಿ ಫಾರಮ್ಮಿನ ಆದಾಯಕ್ಕೆ ಬೇಸಾಯದ ತೆರಿಗೆ ವಿನಾಯಿತಿ ಇಲ್ಲ. 1961ರ ಕರ್ನಾಟಕ ಭೂಸುಧಾರಣಾ ಕಾಯ್ದೆ ಮಾತ್ರ ಬೇಸಾಯದ ಅರ್ಥದಲ್ಲಿ ಹೈನುಗಾರಿಕೆಯನ್ನೂ ಕೋಳಿ ಸಾಕಣೆಯನ್ನೂ ಹೆಸರು ಹಿಡಿದು ಸೇರಿಸಿಕೊಂಡಿದೆ. ಇತ್ತೀಚಿನ ವರ್ಷಗಳಲ್ಲಿ ಬೆಂಗಳೂರು ಉತ್ತರದ ಸೊಂಡೆಕೊಪ್ಪ ಗ್ರಾಮ ಪಂಚಾಯಿತಿಯ ಪ್ರಕರಣವೊಂದರಲ್ಲಿ ಕರ್ನಾಟಕ ಹೈಕೋರ್ಟ್, ಕೋಳಿ ಶೆಡ್ಡಿಗೆ ವಾಣಿಜ್ಯ ಕಟ್ಟಡದ ತೆರಿಗೆ ಹಾಕುವಂತಿಲ್ಲ ಎಂದಿತು. ಒಂದೇ ಶೆಡ್ಡು 1948ರ ಕಾಯ್ದೆಯ ಕೂಲಿಯ ಮಟ್ಟಿಗೆ ಬೇಸಾಯ, ಜಮೀನಿನ ಮಟ್ಟಿಗೂ ಬೇಸಾಯ, ವರಮಾನ ತೆರಿಗೆಯ ಮಟ್ಟಿಗೆ ವ್ಯಾಪಾರ.

ಇದನ್ನು ಕಾನೂನಿನ ಗೊಂದಲ ಎಂದು ತಳ್ಳಿಹಾಕುವ ಮೊದಲು ನ್ಯಾಯಶಾಸ್ತ್ರದ ಒಂದು ಪಾಠವನ್ನು ನೆನೆಯಬೇಕು. ಸಂಸ್ಕೃತ ಪಾಠಶಾಲೆಗಳಲ್ಲಿ ಅನ್ನಂಭಟ್ಟನ ತರ್ಕಸಂಗ್ರಹವನ್ನು ಓದಿದವರಿಗೆ ಲಕ್ಷಣದ ಮೂರು ದೋಷಗಳು ಬಾಯಿಪಾಠ: ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವ. ಹಸುವಿನ ಲಕ್ಷಣ ಕಪಿಲ ಬಣ್ಣ ಎಂದರೆ ಬಿಳಿಯ ಹಸು ಹೊರಗುಳಿಯುತ್ತದೆ; ಕೊಂಬಿರುವುದು ಎಂದರೆ ಎಮ್ಮೆಯೂ ಒಳಗೆ ಬರುತ್ತದೆ; ಒಂದೇ ಗೊರಸು ಎಂದರೆ ಯಾವ ಹಸುವಿಗೂ ಹೊಂದುವುದಿಲ್ಲ. ಬೇಸಾಯವೆಂದರೆ ಉಳುಮೆ ಎಂದಷ್ಟೇ ಹೇಳಿದರೆ ತೋಟ, ಹೈನು, ಜೇನು ಹೊರಗೆ ಬೀಳುತ್ತವೆ. ಜಮೀನಿನಲ್ಲಿ ನಡೆಯುವುದೆಲ್ಲ ಬೇಸಾಯ ಎಂದರೆ ಅಲ್ಲಿನ ಇಟ್ಟಿಗೆ ಗೂಡೂ ಒಳಗೆ ಬರುತ್ತದೆ. ಆದರೆ ನೈಯಾಯಿಕರು ಇನ್ನೊಂದು ಮಾತನ್ನೂ ಹೇಳುತ್ತಾರೆ. ಲಕ್ಷಣ ಹೇಳುವುದು ಒಂದನ್ನು ಇನ್ನೊಂದರಿಂದ ಬೇರ್ಪಡಿಸುವುದಕ್ಕೆ ಮತ್ತು ವ್ಯವಹಾರ ನಡೆಸುವುದಕ್ಕೆ. ಯಾವ ವ್ಯವಹಾರ ಎಂಬುದನ್ನು ಬಿಟ್ಟು ಲಕ್ಷಣವನ್ನು ತೂಗಲಾಗದು. ತೆರಿಗೆ ಕಾನೂನಿಗೆ ಬೇಕಿರುವುದು ವಿನಾಯಿತಿಯ ದುರುಪಯೋಗ ತಡೆಯುವ ಕಿರಿದಾದ ಬಾಗಿಲು. ಕೂಲಿಯ ಕಾನೂನಿಗೆ ಬೇಕಿರುವುದು ದುಡಿಯುವವರೆಲ್ಲ ನುಗ್ಗಬಹುದಾದ ಅಗಲವಾದ ಬಾಗಿಲು. ಎರಡೂ ತಮ್ಮ ತಮ್ಮ ಜಾಗದಲ್ಲಿ ಸರಿ. ತಪ್ಪಾಗುವುದು ಒಂದರ ಬಾಗಿಲನ್ನು ತಂದು ಇನ್ನೊಂದಕ್ಕೆ ಕೂರಿಸಿದಾಗ.

ಆದರೂ ವ್ಯವಹಾರ ತೀರಿದ ಮೇಲೂ ತತ್ತ್ವದ ಪ್ರಶ್ನೆ ತೀರುವುದಿಲ್ಲ. ಉಳುಮೆಗೂ ಸಾಕಣೆಗೂ ಒಳಗಿನ ನಂಟು ಏನಾದರೂ ಇದೆಯೇ? ಇದಕ್ಕೆ ಒಳ್ಳೆಯ ಸುಳಿವು ಸಿಗುವುದು, ಬೇರೆ ಉದ್ದೇಶಕ್ಕೆ ಬರೆದ, 1999ರ ಒಂದು ತೆರಿಗೆ ತೀರ್ಪಿನಲ್ಲಿ. ವೆಂಕಟೇಶ್ವರ ಹ್ಯಾಚರೀಸ್ ಕಂಪನಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮುಂದಿದ್ದ ಪ್ರಶ್ನೆ, ಮೊಟ್ಟೆಗೆ ಕಾವು ಕೊಟ್ಟು ಮರಿ ಮಾಡಿಸುವ ಸಂಸ್ಥೆ ಕೈಗಾರಿಕೆಗೆ ಸಿಗುವ ರಿಯಾಯಿತಿ ಕೇಳಬಹುದೇ ಎಂಬುದು. ಕೋರ್ಟು ಒಪ್ಪಲಿಲ್ಲ. ಮರಿ ಜೀವವುಳ್ಳದ್ದು, ಅದು ತಯಾರಿಸಿದ ವಸ್ತುವಲ್ಲ. ಮೊಟ್ಟೆಯೊಳಗೆ ಮರಿ ರೂಪುಗೊಳ್ಳುವುದು ಪ್ರಕೃತಿಯ ಕೆಲಸ, ಸಂಸ್ಥೆ ಅದಕ್ಕೆ ಬೇಕಾದ ಬಿಸಿ ಮತ್ತು ತೇವ ಒದಗಿಸುತ್ತದೆ ಅಷ್ಟೆ. ಹ್ಯಾಚರಿಯಲ್ಲಿ ಮೊಟ್ಟೆ 18 ದಿನ ಒಂದು ಯಂತ್ರದಲ್ಲಿರುತ್ತದೆ, ಕೊನೆಯ 3 ದಿನ ಇನ್ನೊಂದರಲ್ಲಿ. ಇಪ್ಪತ್ತೊಂದನೆಯ ದಿನ ಚಿಪ್ಪು ಒಡೆಯುವುದು ಮರಿಯ ಕೊಕ್ಕೇ ಹೊರತು ಮನುಷ್ಯನ ಕೈಯಲ್ಲ.

ಬಿತ್ತಿದವನ ಸ್ಥಿತಿಯೂ ಇದೇ. ಮಾರ್ಕನ ಸುವಾರ್ತೆಯ ನಾಲ್ಕನೆಯ ಅಧ್ಯಾಯದಲ್ಲಿ ಯೇಸು ಹೇಳುವ ಸಾಮ್ಯವೊಂದಿದೆ: ಬೀಜ ಬಿತ್ತಿದವನು ಮಲಗುತ್ತಾನೆ, ಏಳುತ್ತಾನೆ, ಪೈರು ತಾನಾಗಿ ಬೆಳೆಯುತ್ತದೆ, ಹೇಗೆಂದು ಅವನಿಗೆ ತಿಳಿಯದು. ರೈತನೂ ಕೋಳಿ ಸಾಕುವವನೂ ತಮ್ಮದಲ್ಲದ ಬೆಳವಣಿಗೆಯೊಂದಕ್ಕೆ ಊಳಿಗ ಮಾಡುವವರು. ಆ ಬೆಳವಣಿಗೆಯ ಹೊತ್ತಿಗೆ ಇವರು ಹೊಂದಿಕೊಳ್ಳಬೇಕು, ಇವರ ಹೊತ್ತಿಗೆ ಅದು ಹೊಂದುವುದಿಲ್ಲ. ಮಗ್ಗವನ್ನು ಸಂಜೆ ನಿಲ್ಲಿಸಿ ಮನೆಗೆ ಹೋಗಬಹುದು, ಮರಿಗಳನ್ನು ನಿಲ್ಲಿಸಿ ಹೋಗಲಾಗದು. ಕೋಳಿ ಸಾಕಣೆಯನ್ನು ಬೇಸಾಯದ ಜೊತೆ ಇಡುವುದಕ್ಕೆ ಇದಕ್ಕಿಂತ ಬಲವಾದ ಕಾರಣ ಬೇಕಿಲ್ಲ.

ಭಾರತೀಯ ಗ್ರಂಥಗಳಲ್ಲಿ ಈ ಎರಡನ್ನೂ ಕೂಡಿಸಿದ ಸಂಪ್ರದಾಯವೂ ಇದೆ, ಬಿಡಿಸಿದ ಸಂಪ್ರದಾಯವೂ ಇದೆ. ಕೌಟಿಲ್ಯನ ಅರ್ಥಶಾಸ್ತ್ರ ಕೃಷಿ, ಪಶುಪಾಲನೆ, ವಾಣಿಜ್ಯ ಮೂರನ್ನೂ ವಾರ್ತೆ ಎಂಬ ಒಂದೇ ವಿದ್ಯೆಯಲ್ಲಿ ಇಡುತ್ತದೆ. ಭಗವದ್ಗೀತೆಯ ಹದಿನೆಂಟನೆಯ ಅಧ್ಯಾಯ ಕೃಷಿ, ಗೋರಕ್ಷೆ, ವಾಣಿಜ್ಯಗಳನ್ನು ಬೇರೆ ಬೇರೆಯಾಗಿ ಎಣಿಸಿ ಒಂದೇ ವರ್ಣದ ಕರ್ಮವೆನ್ನುತ್ತದೆ. ಕೋಳಿಗೆ ಈ ಎಣಿಕೆಯಲ್ಲಿ ಜಾಗವಿಲ್ಲ. ಮನುಸ್ಮೃತಿ ಊರಕೋಳಿಯನ್ನು ತಿನ್ನಬಾರದವುಗಳ ಪಟ್ಟಿಗೆ ಸೇರಿಸಿ, ಹಕ್ಕಿ ಸಾಕುವವರನ್ನೂ ಗೌರವದ ಎಲ್ಲೆಯಿಂದ ಆಚೆ ಇಟ್ಟಿತು. ಅದೇ ಸ್ಮೃತಿ ಉಳುಮೆಯನ್ನೂ ಬಿಡುವುದಿಲ್ಲ: ಕಬ್ಬಿಣದ ಮೊನೆಯ ನೇಗಿಲು ನೆಲವನ್ನೂ ನೆಲದೊಳಗಿನ ಜೀವಿಗಳನ್ನೂ ಕೊಲ್ಲುತ್ತದೆಂದು ಕೃಷಿಯನ್ನು ಸಜ್ಜನರು ನಿಂದಿಸುತ್ತಾರೆ ಎನ್ನುತ್ತದೆ. ಕನ್ನಡದ ಜನಪದ ವಿವೇಕ ಇದಕ್ಕೆ ಮಣಿಯಲಿಲ್ಲ. ಸರ್ವಜ್ಞ ಉಳುವ ವಿದ್ಯೆಯನ್ನು ಎಲ್ಲ ವಿದ್ಯೆಗಳ ಮೇಲಿಟ್ಟ.

ಹಿಂಸೆಯ ಪ್ರಶ್ನೆಯನ್ನು ಅತ್ಯಂತ ಸೂಕ್ಷ್ಮವಾಗಿ ವಿಚಾರಿಸಿದವರು ಜೈನರು, ಅದರ ದೊಡ್ಡ ಸಾಹಿತ್ಯ ಕನ್ನಡದಲ್ಲೂ ಇದೆ. ಪಂಪನ ಆದಿಪುರಾಣದಲ್ಲಿ ಮೊದಲ ತೀರ್ಥಂಕರ ಆದಿನಾಥನೇ ಪ್ರಜೆಗಳಿಗೆ ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪಗಳನ್ನು ಕಲಿಸುತ್ತಾನೆ. ಹಾಗಾದರೆ ಉಳುವಾಗ ಸಾಯುವ ಹುಳುಗಳ ಕತೆಯೇನು? ಇದಕ್ಕೆ ಜೈನ ಆಚಾರ್ಯರು ಹಿಂಸೆಯನ್ನು ನಾಲ್ಕಾಗಿ ವಿಂಗಡಿಸಿದರು. ಕೊಲ್ಲಬೇಕೆಂದೇ ಕೊಲ್ಲುವುದು ಸಂಕಲ್ಪಿ ಹಿಂಸೆ. ಅಡುಗೆ, ಗುಡಿಸುವುದು ಮುಂತಾದ ಮನೆವಾರ್ತೆಯಲ್ಲಿ ಆಗುವುದು ಆರಂಭಿ. ಕಸುಬಿನಲ್ಲಿ ಆಗುವುದು ಉದ್ಯೋಗಿ. ತನ್ನ ರಕ್ಷಣೆಗಾಗಿ ಮಾಡುವುದು ವಿರೋಧಿ. ಗೃಹಸ್ಥನಾದವನು ಮೊದಲನೆಯದನ್ನು ಪೂರ್ತಿ ಬಿಡಬೇಕು, ಉಳಿದವನ್ನು ಆದಷ್ಟು ಕಡಿಮೆ ಮಾಡಬೇಕು. ರೈತನ ನೇಗಿಲು ಉದ್ಯೋಗಿ ಹಿಂಸೆಯ ಲೆಕ್ಕಕ್ಕೆ ಬರುತ್ತದೆ. ಮಾಂಸದ ಕೋಳಿ ಸಾಕುವುದು ಯಾವುದರಲ್ಲಿ ಬರುತ್ತದೆ?

ಇದಕ್ಕೆ ಜನ್ನನ ಯಶೋಧರ ಚರಿತೆಗಿಂತ ಕಠಿಣವಾದ ಉತ್ತರ ಸಿಗಲಾರದು. ಹೊಯ್ಸಳ ವೀರಬಲ್ಲಾಳನ ಕಾಲದಲ್ಲಿ, 1209ರಲ್ಲಿ ರಚಿತವಾದ ಆ ಕಾವ್ಯದಲ್ಲಿ ರಾಜ ಯಶೋಧರ ಪ್ರಾಣಿಬಲಿಗೆ ಒಪ್ಪದೆ, ತಾಯಿ ಚಂದ್ರಮತಿಯ ಒತ್ತಾಯಕ್ಕೆ ಕಟ್ಟುಬಿದ್ದು ಹಿಟ್ಟಿನ ಕೋಳಿಯನ್ನು ದೇವಿಗೆ ಕಡಿಯುತ್ತಾನೆ. ಒಂದು ತೊಟ್ಟು ರಕ್ತ ಹರಿಯಲಿಲ್ಲ. ಆದರೂ ಕಡಿಯುವಾಗ ಮನಸ್ಸಿನಲ್ಲಿದ್ದದ್ದು ಕೋಳಿಯೇ. ಆ ಸಂಕಲ್ಪದ ಫಲವಾಗಿ ತಾಯಿ ಮಗ ಇಬ್ಬರೂ ಪ್ರಾಣಿಜನ್ಮಗಳ ಸಾಲಿನಲ್ಲಿ ಬೀಳುತ್ತಾರೆ, ಆ ಸಾಲಿನ ಕೊನೆಯಲ್ಲಿ ಕೋಳಿಗಳಾಗಿಯೇ ಹುಟ್ಟಿ ಸಾಯುತ್ತಾರೆ. ಜನ್ನನ ಪ್ರಕಾರ ತೂಕ ಇರುವುದು ಕೈಯ ಕೆಲಸಕ್ಕಲ್ಲ, ಕೈಯನ್ನು ನಡೆಸಿದ ಬಯಕೆಗೆ. ಈ ಅಳತೆಯಲ್ಲಿ ಕೋಳಿ ಸಾಕಣೆಯನ್ನು ಬೇಸಾಯವೆಂದು ಕರೆದ ಮಾತ್ರಕ್ಕೆ ಅದು ಶುದ್ಧವಾಗದು. ಕಾನೂನಿನ ಸೇರ್ಪಡೆ ಕೂಲಿಗೆ ಸಂಬಂಧಿಸಿದ್ದು. ಪಕ್ಷಿಯ ಮೇಲಾಗುವ ಹಿಂಸೆಗೆ ಅದರಿಂದ ಪರಿಹಾರವೂ ಇಲ್ಲ, ಕ್ಷಮೆಯೂ ಇಲ್ಲ. ಮೊಟ್ಟೆಕೋಳಿ ಮತ್ತು ಮಾಂಸದ ಕೋಳಿಗಳನ್ನು ಇಡುವ, ಸಾಗಿಸುವ ರೀತಿಯ ಬಗ್ಗೆ ಭಾರತದ ಕಾನೂನು ಆಯೋಗ 2017ರ ಜುಲೈಯಲ್ಲಿ ತನ್ನ 269ನೆಯ ವರದಿಯನ್ನು ಬರೆಯಬೇಕಾಗಿ ಬಂತು ಎಂಬುದೇ ಆ ಪ್ರಶ್ನೆ ಬೇರೆಯಾಗಿ ಉಳಿದಿದೆ ಎನ್ನುವುದಕ್ಕೆ ಸಾಕ್ಷಿ.

ಆದರೆ ಬಯಕೆ ಯಾರದು? ಇಲ್ಲಿ ಶೆಡ್ಡಿನ ಒಳಗೆ ಹೋಗಿ ನೋಡಬೇಕು. ಇಂದಿನ ಬಹುಪಾಲು ಬ್ರಾಯ್ಲರ್ ಕೋಳಿ ಬೆಳೆಯುವುದು ಒಪ್ಪಂದದ ಮೇಲೆ. ಕಂಪನಿ ಒಂದು ದಿನದ ಮರಿ, ಆಹಾರ, ಔಷಧಿ ಕೊಡುತ್ತದೆ. ಜಮೀನಿನವನು ಶೆಡ್ಡು, ನೀರು, ಕರೆಂಟು, ಆಳು ಒದಗಿಸುತ್ತಾನೆ. ಐದಾರು ವಾರಕ್ಕೆ ಕೋಳಿ ಎರಡು ಕಿಲೋ ಆಸುಪಾಸು ತೂಗಿದಾಗ ಕಂಪನಿ ಅದನ್ನು ಎತ್ತಿಕೊಂಡು, ಕಿಲೋಗೆ ಇಷ್ಟು ಎಂದು ಸಾಕುವ ಕೂಲಿ ಕೊಡುತ್ತದೆ. ಶೆಡ್ಡಿನ ಪಕ್ಕದ ಕೋಣೆಯಲ್ಲಿ ಉಳಿದುಕೊಂಡು ಕೆಲಸ ಮಾಡುವವರು ಅನೇಕ ಕಡೆ ಗಂಡ-ಹೆಂಡತಿ ಇಬ್ಬರೇ. ಮರಿ ಬಂದ ಮೊದಲ ವಾರ ಬಲ್ಬು ಹಾಕಿ, ಪರದೆ ಇಳಿಸಿ, 33ರಿಂದ 35 ಡಿಗ್ರಿ ಬಿಸಿ ಕಾಯಬೇಕು. ಮರಿಗಳು ಒಂದೆಡೆ ಗುಂಪುಗೂಡಿದರೆ ಚಳಿ, ದೂರ ಸರಿದು ಬಾಯಿ ತೆರೆದರೆ ಸೆಕೆ. ಅದನ್ನು ನೋಡುವುದಕ್ಕೆ ನಡುರಾತ್ರಿಯೂ ಏಳಬೇಕು. ನೆಲಕ್ಕೆ ಹಾಸಿದ ಭತ್ತದ ಹೊಟ್ಟನ್ನು ಕೆದಕಿ ತಿರುವುತ್ತಿರಬೇಕು, ಇಲ್ಲವಾದರೆ ಹಿಕ್ಕೆ ನೆಂದು ಅಮೋನಿಯ ಏಳುತ್ತದೆ. ಬಾಗಿ ಹೊಟ್ಟು ತಿರುವುವ ಹೆಂಗಸಿನ ಕಣ್ಣು ಮೊದಲು ಉರಿಯುತ್ತದೆ, ಆಮೇಲೆ ಗಂಟಲು ಹಿಡಿಯುತ್ತದೆ. ಕೊಕ್ಕರೆ ರೋಗಕ್ಕೆ ಲಸಿಕೆ, ಸತ್ತ ಕೋಳಿ ಹೆಕ್ಕಿ ಹೂಳುವುದು, ನೀರಿನ ಬಟ್ಟಲು ತೊಳೆಯುವುದು ಎಲ್ಲವೂ ಇವರ ಪಾಲು. ಜೋಡಿಗೆ ಸೇರಿಸಿ ಒಂದೇ ಸಂಬಳ ಗೊತ್ತುಮಾಡುವ ರೂಢಿಯೂ ಇದೆ. ಹಾಗಾದಾಗ ಹೆಂಡತಿಯ ದುಡಿಮೆಗೆ ಲೆಕ್ಕವೇ ಇರುವುದಿಲ್ಲ.

ಈ ಇಬ್ಬರಲ್ಲಿ ಕೊಲ್ಲುವ ಸಂಕಲ್ಪ ಎಷ್ಟಿದೆ? ಮರಿ ಯಾವುದು, ಎಷ್ಟು, ಎಷ್ಟು ದಿನ, ಎಂದು ಎತ್ತುವುದು, ಯಾವುದನ್ನೂ ಇವರು ತೀರ್ಮಾನಿಸುವುದಿಲ್ಲ. ಇವರು ದಿನವೂ ಮಾಡುವುದು ಬದುಕಿಸುವ ಕೆಲಸ. ಮನುಸ್ಮೃತಿಯ ಐದನೆಯ ಅಧ್ಯಾಯ ಈ ವಿಷಯದಲ್ಲಿ ಮಾತ್ರ ನಿರ್ದಾಕ್ಷಿಣ್ಯವಾಗಿ ನ್ಯಾಯ ಹೇಳುತ್ತದೆ. ಕೊಲ್ಲಲು ಒಪ್ಪಿಗೆ ಕೊಟ್ಟವನು, ಕೊಂದವನು, ಕಡಿದವನು, ಕೊಂಡವನು, ಮಾರಿದವನು, ಅಡುಗೆ ಮಾಡಿದವನು, ಬಡಿಸಿದವನು, ತಿಂದವನು ಎಲ್ಲರನ್ನೂ ಅದು ಕೊಂದವರೆಂದೇ ಎಣಿಸುತ್ತದೆ. ಆ ಪಟ್ಟಿಯಲ್ಲಿ ಸಾಕಿದವನ ಹೆಸರಿಲ್ಲ. ಕೋಳಿ ಫಾರಮ್ಮಿನ ಆಳನ್ನು ಕೀಳಾಗಿ ಕಾಣುವ, ಆದರೆ ಭಾನುವಾರ ಕೋಳಿ ಸಾರು ಬಯಸುವ ಮನೆಗಳಿಗೆ ಈ ಪಟ್ಟಿ ಓದುವಂಥದ್ದು.

ಬೆಂಗಳೂರಿನ ಕುಕ್ ಟೌನಿನಲ್ಲಿ ನಿಂತರೆ ಈ ಸರಪಳಿಯ ಇನ್ನೊಂದು ತುದಿ ಕಾಣುತ್ತದೆ. ಕಂಟೋನ್ಮೆಂಟ್ ಉತ್ತರಕ್ಕೂ ಪೂರ್ವಕ್ಕೂ ಹರಡಿಕೊಂಡಾಗ ಫ್ರೇಜರ್ ಟೌನ್, ರಿಚರ್ಡ್ಸ್ ಟೌನ್, ಕಾಕ್ಸ್ ಟೌನ್‌ಗಳ ನೆರೆಯಲ್ಲಿ ಎದ್ದ ಬಡಾವಣೆ ಇದು. ಇದರ ಸುತ್ತಲ ಭಾಗದ ವಿಧಾನಸಭಾ ಕ್ಷೇತ್ರಕ್ಕೆ ಉಳುಮೆಯನ್ನು ಹೊಗಳಿದ ಸರ್ವಜ್ಞನ ಹೆಸರೇ ಇದೆ. ಹೆಂಚಿನ ಮಾಡಿನ ಹಳೆಯ ಬಂಗಲೆಗಳ ಹಿತ್ತಲಲ್ಲಿ ಮನೆಮಟ್ಟಿಗೆ ಕೋಳಿ ಸಾಕುವ ರೂಢಿ ಕಂಟೋನ್ಮೆಂಟಿನಲ್ಲಿ ಸಾಮಾನ್ಯವಾಗಿತ್ತು. ಆ ಗೂಡಿಗೆ ಕಾಳು ಹಾಕುತ್ತಿದ್ದ ಮನೆಗೆಲಸದವಳು ಮಾಡುತ್ತಿದ್ದದ್ದು ಫಾರಮ್ಮಿನ ಆಳು ಮಾಡುವ ಕೆಲಸವನ್ನೇ. ಆದರೆ 1948ರ ಕಾಯ್ದೆಯ ಬೇಸಾಯದಲ್ಲಿ ಅವಳಿಗೆ ಜಾಗ ಸಿಗುತ್ತಿರಲಿಲ್ಲ, ಅವಳದು ಮನೆಗೆಲಸ. ಕರ್ನಾಟಕ ಸರ್ಕಾರ ಮನೆಗೆಲಸದವರಿಗೆ ಕನಿಷ್ಠ ಕೂಲಿ ಗೊತ್ತುಮಾಡಿದ್ದು 2004ರಲ್ಲಿ. ಕುಕ್ ಟೌನಿನ ಇಂದಿನ ಚಿಕನ್ ಅಂಗಡಿಯಲ್ಲಿ ಕತ್ತರಿಸುವ ಹುಡುಗ 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಗೆ ಸೇರಿದವನು. ಕೋಲಾರ, ಚಿಕ್ಕಬಳ್ಳಾಪುರ, ಹೊಸಕೋಟೆ ಕಡೆಯ ಶೆಡ್ಡಿನಲ್ಲಿ ಅದೇ ಕೋಳಿಯನ್ನು ಬೆಳೆಸಿದವರು 1948ರ ಕಾಯ್ದೆಯ ಎಣಿಕೆಯಲ್ಲಿ ಬೇಸಾಯದ ಕೂಲಿಗಳು. ಒಂದು ಕೋಳಿ ಶೆಡ್ಡಿನಿಂದ ತಟ್ಟೆಗೆ ಬರುವಷ್ಟರಲ್ಲಿ ಒಂದಕ್ಕಿಂತ ಹೆಚ್ಚು ಕಾನೂನುಗಳನ್ನು ದಾಟುತ್ತದೆ, ಪ್ರತಿಯೊಂದರಲ್ಲೂ ದುಡಿದವರ ಹಕ್ಕು ಬೇರೆ.

ಗೆರೆ ಅತ್ಯಂತ ಮಸುಕಾಗುವುದು ಶೆಡ್ಡಿಗೂ ಅಂಗಡಿಗೂ ನಡುವೆ. ಕೋಳಿಗಳು ಗಲಿಬಿಲಿಗೊಳ್ಳದಿರಲೆಂದು ರಾತ್ರಿ ದೀಪ ಆರಿಸಿ, ಕಾಲು ಹಿಡಿದು ಎತ್ತಿ, ಕ್ರೇಟುಗಳಿಗೆ ತುಂಬಿ, ಬೆಳಗಾಗುವುದರೊಳಗೆ ನಗರಕ್ಕೆ ಮುಟ್ಟಿಸುವ ತಂಡಗಳಿವೆ. ಈ ಕೆಲಸ ಬೇಸಾಯವೋ ಸಾಗಣೆಯೋ? ಅಮೆರಿಕದ ಸುಪ್ರೀಂ ಕೋರ್ಟ್ 1996ರಲ್ಲಿ ಹಾಲಿ ಫಾರ್ಮ್ಸ್ ಪ್ರಕರಣದಲ್ಲಿ ಇದನ್ನೇ ವಿಚಾರಿಸಿತು. ಒಪ್ಪಂದದ ರೈತರ ಶೆಡ್ಡುಗಳಿಗೆ ಹೋಗಿ ಕೋಳಿ ಹಿಡಿದು ಕಾರ್ಖಾನೆಗೆ ಸಾಗಿಸುವ ಕಂಪನಿಯ ಆಳುಗಳು ಬೇಸಾಯದವರಲ್ಲ, ಆದ್ದರಿಂದ ಸಂಘ ಕಟ್ಟುವ ಹಕ್ಕು ಅವರಿಗಿದೆ ಎಂದು ಐದು-ನಾಲ್ಕರ ಬಹುಮತದಲ್ಲಿ ತೀರ್ಪಾಯಿತು. ಸಾಕಣೆ ರೈತನದು, ಹಿಡಿಯುವುದು ಕಂಪನಿಯ ಸಂಸ್ಕರಣೆಯ ಭಾಗ ಎಂಬುದು ತರ್ಕ. ಒಂಬತ್ತು ಮಂದಿ ನುರಿತ ನ್ಯಾಯಮೂರ್ತಿಗಳಲ್ಲಿ ನಾಲ್ವರಿಗೆ ಗೆರೆ ಬೇರೆ ಕಡೆ ಕಂಡಿತೆಂದರೆ, ಆ ಗೆರೆ ಕೆಲಸದಲ್ಲೇ ಹುಟ್ಟಿದ್ದಲ್ಲ, ಎಳೆದದ್ದು. 1948ರ ಭಾರತದ ವಿವರಣೆಯಂತೆ ಜಮೀನಿನ ಮೇಲೆಯೇ ಗಾಡಿಗೆ ತುಂಬುವ ಕೆಲಸವನ್ನು ಬೇಸಾಯದೊಳಗೆ ತರಲು ಅವಕಾಶವಿತ್ತು. ಎರಡೂ ದೇಶಗಳಲ್ಲಿ ಕೋಳಿ ಹಿಡಿಯುವವನ ಗೀರುಬಿದ್ದ ಕೈಗಳು ಒಂದೇ.

ಧರ್ಮಗಳು ಕೂಲಿಯ ಬಗ್ಗೆ ಮಾತಾಡುವಾಗ ಇಂಥ ಗೆರೆಗಳನ್ನು ಎಳೆಯುವುದಿಲ್ಲ. ಕುಕ್ ಟೌನಿನ ಸುತ್ತ ಚರ್ಚು, ಮಸೀದಿ, ದೇವಸ್ಥಾನಗಳು ಕೂಗಳತೆಯಲ್ಲಿವೆ, ಈ ಒಂದು ವಿಷಯದಲ್ಲಿ ಅವುಗಳ ಮಾತು ಹತ್ತಿರ ಹತ್ತಿರ ಬರುತ್ತದೆ. ಯಾಕೋಬನ ಪತ್ರಿಕೆಯ ಐದನೆಯ ಅಧ್ಯಾಯದಲ್ಲಿ, ಹೊಲ ಕೊಯ್ದವರಿಗೆ ಕೊಡದೆ ಹಿಡಿದಿಟ್ಟ ಕೂಲಿಯೇ ದೇವರಿಗೆ ಕೇಳುವಂತೆ ಕೂಗಿಕೊಳ್ಳುತ್ತದೆ. 1891ರ ಮೇ 15ರಂದು ಹದಿಮೂರನೆಯ ಪೋಪ್ ಲಿಯೋ ಹೊರಡಿಸಿದ ಪರಿಪತ್ರ, ಆಳು ಒಪ್ಪಿದನೆಂದ ಮಾತ್ರಕ್ಕೆ ಕೂಲಿ ನ್ಯಾಯವಾಗುವುದಿಲ್ಲ, ಅದು ಅವನ ಬದುಕಿಗೆ ಸಾಲುವಂತಿರಬೇಕು ಎಂದಿತು. ಬೆವರು ಆರುವ ಮೊದಲು ಕೂಲಿ ಕೊಡಿ ಎಂಬ ಪ್ರವಾದಿಯ ಮಾತನ್ನು ಇಬ್ನ್ ಮಾಜಾ ಅವರ ಹದೀಸ್ ಸಂಗ್ರಹ ದಾಖಲಿಸುತ್ತದೆ. ಹನ್ನೆರಡನೆಯ ಶತಮಾನದ ಶರಣರು ಕಾಯಕವೆಂದಾಗ ಅಂಬಿಗ ಚೌಡಯ್ಯನ ಹುಟ್ಟು, ಹರಳಯ್ಯನ ಚರ್ಮ, ಆಯ್ದಕ್ಕಿ ಮಾರಯ್ಯ ಆಯ್ದ ಅಕ್ಕಿ ಎಲ್ಲವೂ ಸಮವಾಗಿದ್ದವು. ಮಾರಯ್ಯ ದಿನದ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಹೆಂಡತಿ ಲಕ್ಕಮ್ಮ ಹಿಂದಿರುಗಿಸಿ ಬರಲು ಹೇಳಿದಳು. ಆಳು ಹೆಚ್ಚಿಗೆ ತೆಗೆದುಕೊಳ್ಳಬಾರದು ಎಂಬ ಆ ನಿಯಮಕ್ಕೆ, ಒಡೆಯ ಕಡಿಮೆ ಕೊಡಬಾರದು ಎಂಬುದು ಇನ್ನೊಂದು ಮುಖ.

ಬೆಂಗಳೂರಿನಿಂದಲೇ ಹೋದ ಒಂದು ವ್ಯಾಜ್ಯ ಈ ಧರ್ಮಪ್ರಶ್ನೆಯನ್ನು ಕಾನೂನಿನ ಒಳಗೆ ತಂದಿತು. ಬೆಂಗಳೂರು ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ ಹಾಗೂ ಎ. ರಾಜಪ್ಪ ನಡುವಿನ ಪ್ರಕರಣದಲ್ಲಿ 1978ರ ಫೆಬ್ರವರಿ 21ರಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಉದ್ಯಮವೆಂದರೆ ಏನೆಂದು ಹೇಳಿತು. ಬಹುಮತದ ಪರವಾಗಿ ಬರೆದ ವಿ.ಆರ್. ಕೃಷ್ಣ ಅಯ್ಯರ್ ಅವರ ಅಳತೆಗೋಲು ಇದು: ಕ್ರಮಬದ್ಧ ಕೆಲಸ, ಒಡೆಯ-ಆಳುಗಳ ಸಹಕಾರ, ಜನರ ಬೇಕುಬಯಕೆಗಳನ್ನು ಪೂರೈಸುವ ಸರಕು ಅಥವಾ ಸೇವೆ. ಬರೀ ಆಧ್ಯಾತ್ಮಿಕ, ಧಾರ್ಮಿಕ ಬಯಕೆಗಳು ಹೊರಗೆ. ಆದರೆ ದೊಡ್ಡ ಪ್ರಮಾಣದಲ್ಲಿ ಪ್ರಸಾದ ತಯಾರಿಸಿದರೆ ಅದು ಒಳಗೆ. ಪ್ರಸಾದ ಮಾಡುವವನೂ ಕೂಲಿಯವನೇ ಎಂದು ಕಂಡ ಆ ದೃಷ್ಟಿ ಬಹಳ ದೂರ ಹೋಗುವಂಥದ್ದು. ಕೆಲಸದ ಪಾವಿತ್ರ್ಯವಾಗಲಿ ಮೈಲಿಗೆಯಾಗಲಿ ಕೂಲಿಯವನ ಹಕ್ಕನ್ನು ಮುಟ್ಟಬಾರದು ಎಂಬುದು ಅದರಿಂದ ಸಹಜವಾಗಿಯೇ ಹೊರಡುವ ತೀರ್ಮಾನ. 2017ರಲ್ಲಿ ಈ ತೀರ್ಪನ್ನು ಮತ್ತೆ ನೋಡಲು ಒಂಬತ್ತು ನ್ಯಾಯಮೂರ್ತಿಗಳ ಪೀಠಕ್ಕೆ ಒಪ್ಪಿಸಲಾಯಿತು. ಕೈಗಾರಿಕಾ ಸಂಬಂಧಗಳ ಸಂಹಿತೆ 2020 ಬಹುಮಟ್ಟಿಗೆ ಅದೇ ಅಳತೆಗೋಲನ್ನು ಉಳಿಸಿಕೊಂಡು ಮನೆಗೆಲಸ, ಧರ್ಮಾರ್ಥ ಸಂಸ್ಥೆ ಮುಂತಾದವನ್ನು ಹೊರಗಿಟ್ಟಿದೆ. ಬೇಸಾಯವನ್ನು ಅದು ಹೆಸರು ಹಿಡಿದು ಹೊರಗಿಟ್ಟಿಲ್ಲ.

1948ರ ಕಾಯ್ದೆಯ ಜಾಗಕ್ಕೆ ಬಂದ ವೇತನ ಸಂಹಿತೆ 2019, ಉಳಿದ ಮೂರು ಕಾರ್ಮಿಕ ಸಂಹಿತೆಗಳ ಜೊತೆ, 2025ರ ನವೆಂಬರ್ 21ರಂದು ಜಾರಿಗೆ ಬಂದಿತು. ಅನುಸೂಚಿ ಈಗಿಲ್ಲ. ಕನಿಷ್ಠ ಕೂಲಿ ಪಡೆಯಲು ಕೋಳಿ ಸಾಕುವವನು ತಾನು ಬೇಸಾಯದವನೆಂದು ತೋರಿಸಬೇಕಾಗಿಲ್ಲ, ದುಡಿಯುವವನಾಗಿದ್ದರೆ ಸಾಕು. ಸಂಹಿತೆಯ ಆರನೆಯ ಸೆಕ್ಷನ್ ಪ್ರಕಾರ ಕೂಲಿ ನಿಗದಿಯಲ್ಲಿ ಮುಖ್ಯವಾಗಿ ನೋಡಬೇಕಾದದ್ದು ಕೌಶಲ ಮತ್ತು ಪ್ರದೇಶ. ಸಹಿಸಲು ಕಷ್ಟವಾದ ಬಿಸಿ ಅಥವಾ ತೇವ, ಅಪಾಯಕಾರಿ ಕೆಲಸ ಇವನ್ನೂ ಸರ್ಕಾರ ಲೆಕ್ಕಕ್ಕೆ ತೆಗೆದುಕೊಳ್ಳಬಹುದು. ಹೀಗೆ ದುಡಿಯುವ ದೇಹದತ್ತ ನೋಡಲು ಕಾನೂನಿಗೆ ಅವಕಾಶ ಸಿಕ್ಕಿದೆ. ಆದರೆ ಅದು ತೆಗೆದುಕೊಳ್ಳಬಹುದು ಎಂಬ ಅವಕಾಶ ಮಾತ್ರ, ತೆಗೆದುಕೊಳ್ಳಲೇಬೇಕು ಎಂಬ ಕಟ್ಟಳೆಯಲ್ಲ. ಕೆಲಸದ ಜಾಗದ ಸುರಕ್ಷತೆ, ಆರೋಗ್ಯಗಳ ಸಂಹಿತೆಯಾದರೋ ಸಾಮಾನ್ಯವಾಗಿ ಹತ್ತು ಮಂದಿ ದುಡಿಯುವ ಜಾಗದಿಂದ ಮೇಲಕ್ಕೆ ಅನ್ವಯಿಸುವಂಥದ್ದು. ಇಬ್ಬರೇ ಇರುವ ಶೆಡ್ಡನ್ನು ಅದು ತಲುಪುವುದಿಲ್ಲ. ಕರ್ನಾಟಕ ಸರ್ಕಾರ ಸಂಹಿತೆಯಡಿ ಕೂಲಿ ಗೊತ್ತುಮಾಡುವಾಗ ಮರಿ ಮನೆಯ ಬಿಸಿ, ಅಮೋನಿಯ, ರಾತ್ರಿಯ ಎಚ್ಚರ, ಜೋಡಿಯಲ್ಲಿ ಹೆಂಡತಿಯ ಪ್ರತ್ಯೇಕ ಕೂಲಿ ಇಷ್ಟನ್ನೂ ಹೆಸರು ಹಿಡಿದು ಬರೆಯಬೇಕು.